‘ಗಾಳಿ ಹೋತೇನು?’ ಎಂದು ಕೇಳುತ್ತಿದ್ದ ಕಾಲ

ಹೊಸದಾಗಿ ನರ್ಸಿಂಗ್ ಮುಗಿಸಿ ಸರ್ಜಿಕಲ್ ವಾರ್ಡಿಗೆ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ ಒಂದೇ ಮಾತು ಕೇಳುತ್ತಾರೆ: “ಅಮ್ಮಾರ, ನಿಮ್ಮ ಕಾಲದಾಗ ಪಂಪ್ ಇದ್ದಿಲ್ಲ, ಮಾನಿಟರ್ ಇದ್ದಿಲ್ಲ. ಹ್ಯಾಂಗ ಮಾಡ್ತಿದ್ರಿ?” ಕೈ ಇತ್ತು, ಕಣ್ಣಿತ್ತು, ಬಾಯಿ ಇತ್ತು ಎನ್ನುತ್ತೇನೆ. ಬಾಯಿ ಸ್ವಲ್ಪ ಹೆಚ್ಚೇ ಇತ್ತು ಎಂದು ನನ್ನ ಜೊತೆ ಕೆಲಸ ಮಾಡಿದವರು ಈಗಲೂ ಹೇಳುತ್ತಾರೆ. ಸುಳ್ಳಲ್ಲ.

ನಾನು ಮಾನ್ವಿಯ ಹುಡುಗಿ. ಎಪ್ಪತ್ತರ ದಶಕದಲ್ಲಿ ರಾಯಚೂರಿನ ಒಂದು ಆಸ್ಪತ್ರೆಗೆ ಸೇರಿ ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡೆ. ಆಸ್ಪತ್ರೆಯ ಹೆಸರು ಬೇಡ, ಅಲ್ಲಿದ್ದ ಡಾಕ್ಟರುಗಳ ಮೊಮ್ಮಕ್ಕಳು ಈಗ ಡಾಕ್ಟರಾಗಿದ್ದಾರೆ. ನಾನು ಯಾವಾಗ ಸ್ಟಾಫ್ ನರ್ಸ್ ಆದೆ, ಯಾವಾಗ ವಾರ್ಡ್ ಸಿಸ್ಟರ್ ಆದೆ ಎಂಬುದು ಪಿಂಚಣಿ ಆಫೀಸಿಗೆ ಗೊತ್ತಿದ್ದರೆ ಸಾಕು. ಹೇಳಬೇಕಾದ್ದು ಹೊಟ್ಟೆಯ ಮಾತು. ಹೊಟ್ಟೆಯ ಆಪರೇಷನ್ ಆದವರಿಗೆ ನಾವು ಯಾವಾಗ, ಹೇಗೆ ಉಣ್ಣಲು ಕೊಡುತ್ತಿದ್ದೆವು ಎಂಬ ಮಾತು.

ಆಗಿನ ಕಾನೂನು ಸರಳ. ಹೊಟ್ಟೆ ಕೊಯ್ದರೆ ಗಾಳಿ ಸರಿಯುವ ತನಕ ಬಾಯಿಗೆ ಒಂದು ಹನಿ ನೀರಿಲ್ಲ. ಕರುಳು ಎಚ್ಚರಾಗಿದೆ ಎನ್ನುವುದಕ್ಕೆ ಗಾಳಿಯೇ ಸಾಕ್ಷಿ. ಅಲ್ಲಿಯ ತನಕ ಕೈಗೆ ಸಲೈನ್, ಅಂದರೆ ಉಪ್ಪಿನ ನೀರು, ಸಕ್ಕರೆಯ ನೀರು. ನಮ್ಮ ದೊಡ್ಡ ಡಾಕ್ಟರು ಹೈದರಾಬಾದಿನಲ್ಲಿ ಓದಿದವರು. ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು, ಮೂಗಿನ ತುದಿಯಲ್ಲೇ ಸಿಟ್ಟು. ಬೆಳಗಿನ ರೌಂಡಿನಲ್ಲಿ ಪ್ರತಿ ಮಂಚದ ಹತ್ತಿರ ನಿಂತು, “ಹವಾ ನಿಕ್ಲೀ ಕ್ಯಾ?” ಎಂದು ಗುಡುಗುತ್ತಿದ್ದರು. ಹಳ್ಳಿಯವರಿಗೆ ಗಾಬರಿಯಲ್ಲಿ ಅದು ತಿಳಿಯುತ್ತಿರಲಿಲ್ಲ. ನಾನು ಪಕ್ಕದಿಂದ “ಗಾಳಿ ಹೋತೇನು?” ಎಂದು ಕನ್ನಡದಲ್ಲಿ ಕೂಗುತ್ತಿದ್ದೆ. ಇಡೀ ವಾರ್ಡು ಕಿವಿ ನಿಮಿರಿಸಿ ಉತ್ತರಕ್ಕೆ ಕಾಯುತ್ತಿತ್ತು.

ಸಿರವಾರದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಇದ್ದರು. ಹಣೆ ತುಂಬ ವಿಭೂತಿ, ದೊಡ್ಡ ಗಂಟಲು. ಒಂದು ಮಧ್ಯಾಹ್ನ ಮಂಚದಲ್ಲಿ ಎದ್ದು ಕೂತು, “ಹೋತು! ಸಿಸ್ಟರಮ್ಮಾ, ಹೋತು! ಶಿವ ಕಣ್ಣು ತೆರದ!” ಎಂದು ಕೂಗಿದರು. ಅವರ ಮಗ ಬಜಾರಿಗೆ ಓಡಿ ಸಕ್ಕರೆ ತಂದು ವಾರ್ಡಿಗೆಲ್ಲ ಹಂಚಿದ. ಉಪವಾಸ ಇದ್ದವರಿಗೂ ಕೊಡಲು ಹೊರಟಿದ್ದ, ನಾನು ಕೈಹಿಡಿದು ನಿಲ್ಲಿಸಿದೆ. ಗಿಲ್ಲೆಸುಗೂರಿನ ಇನ್ನೊಬ್ಬ ಕಿಟಕಿಯಿಂದ ಬರುವ ಮಿರ್ಚಿ ಭಜಿಯ ವಾಸನೆ ತಾಳಲಾರದೆ, “ನಿನ್ನೇನೇ ಹೋಗ್ಯದ್ರೀ” ಎಂದು ಸುಳ್ಳು ಹೇಳಿದ. ಗಂಜಿ ಕೊಟ್ಟೆವು. ಕುಡಿದದ್ದೆಲ್ಲ ನನ್ನ ಸೀರೆಯ ಮೇಲೆ ಬಂತು. “ಹೊಲೀಬೇಕಾಗಿದ್ದು ನಿನ್ನ ಹೊಟ್ಟಿ ಅಲ್ಲೋ, ನಿನ್ನ ನಾಲಿಗಿ!” ಎಂದು ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಅಷ್ಟು ನೋವಿನಲ್ಲೂ ನಕ್ಕ.

ನಗುವುದು ಬೇರೆ. ಆ ಕಾನೂನಿನಿಂದ ಕರುಳು ಕಿತ್ತು ಬರುವಂಥದ್ದನ್ನೂ ನೋಡಿದ್ದೇನೆ. ನಮ್ಮ ಕಡೆ ಹೊಟ್ಟೆಹುಣ್ಣು ಬಹಳ. ಹುಣ್ಣು ಹಳೆಯದಾಗಿ ಜಠರದ ಕೆಳಗಿನ ಬಾಯಿ ಕಟ್ಟಿಕೊಂಡರೆ ಉಂಡದ್ದು ಇಳಿಯುವುದಿಲ್ಲ, ಮರುದಿನ ಹಾಗೇ ವಾಂತಿ. ತಿಂಗಳುಗಟ್ಟಲೆ ಹೀಗೆ ವಾಂತಿ ಮಾಡಿಕೊಂಡು, ಕಂಡ ಕಂಡ ಔಷಧಿ ಕುಡಿದು, ಕೊನೆಗೆ ಎಲುಬಿನ ಹಂದರವಾಗಿ ನಮ್ಮಲ್ಲಿಗೆ ಬರುತ್ತಿದ್ದರು. ಆಪರೇಷನ್ ಚೆನ್ನಾಗಿಯೇ ಆಗುತ್ತಿತ್ತು. ಆಮೇಲೆ ಬರೀ ಉಪ್ಪುನೀರಿನ ಮೇಲೆ ಮೈ ಹೇಗೆ ಮಾಯಬೇಕು? ಹೊಲಿಗೆ ಕೂಡಲು ಮಾಂಸವಾದರೂ ಇರಬೇಕಲ್ಲ! ಕಣ್ಣೆದುರಿಗೇ ಬತ್ತಿಹೋದವರು ಇದ್ದಾರೆ. ಅವರ ಮುಖಗಳು ಈಗಲೂ ನೆನಪಾಗುತ್ತವೆ, ನೆನಪಾದಾಗ ಊಟ ಸೇರುವುದಿಲ್ಲ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಡಾಕ್ಟರ್ ಪ್ರಭಾಕರ ಎಂಬ ಹೊಸ ಸರ್ಜನ್ ಬಂದರು. ತೆಳ್ಳಗೆ, ಕಪ್ಪಗೆ, ಬಿಡುವಿಲ್ಲದೆ ಮಾತಾಡುವ ಮನುಷ್ಯ. ಅವರು ಹೇಳಿದರು: “ಸಿಸ್ಟರ್, ಆಪರೇಷನ್ ಆದ ಮ್ಯಾಲ ಜಠರ ಮಲಗಿರ್ತದ, ದೊಡ್ಡ ಕರುಳು ಮಲಗಿರ್ತದ. ಆದ್ರ ಸಣ್ಣ ಕರುಳು ಜಲ್ದಿ ಏಳ್ತದ.” ಮನೆಯವರೆಲ್ಲ ಮಲಗಿದ್ದರೂ ಒಬ್ಬಳು ಎದ್ದು ಒಲೆ ಹಚ್ಚುವ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ಆಪರೇಷನ್ ಮಾಡುವಾಗಲೇ ಜಠರ ಕರುಳು ಸೇರಿಸಿ ಹೊಲಿದ ಜಾಗದ ಕೆಳಗೆ ಸಣ್ಣ ಕರುಳಿಗೆ ಒಂದು ತೆಳು ರಬ್ಬರ್ ಕೊಳವೆ ಹಾಕಿ, ಅದರ ತುದಿಯನ್ನು ಹೊಟ್ಟೆಯ ಪಕ್ಕದಿಂದ ಹೊರಗೆ ತೆಗೆಯುವುದು. ಮರುದಿನದಿಂದಲೇ, ಗಾಳಿಗೆ ಕಾಯದೆ, ಅದರಲ್ಲಿ ಹಾಲು ಗಂಜಿ ಬಿಡುವುದು. ಇದು ಅವರ ಉಪಾಯ.

ದೊಡ್ಡ ಡಾಕ್ಟರು ಕೇಳಿ ಸಿಡಿದರು. “ಹೊಲಿಗಿ ಬಿಚ್ಚಿದ್ರ ಯಾರು ಜವಾಬ್ದಾರ್?” ಪ್ರಭಾಕರ ಡಾಕ್ಟರು, “ನಾನು ಸರ್” ಎಂದರು. ಹಾಗೆ ಹೇಳುವವರನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಮೊದಲ ಸರದಿ ಕಲ್ಲೂರಿನ ಒಬ್ಬ ರೈತನದು. ನಮಗೋ ಉತ್ಸಾಹ. ದೊಡ್ಡ ಸಿರಿಂಜಿಗೆ ಗಟ್ಟಿ ಹಾಲು ತುಂಬಿ, ಕರುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುವ ಹಾಗೆ ಒತ್ತಿದೆವು. ಸ್ವಲ್ಪ ಹೊತ್ತಿಗೆ ಮನುಷ್ಯ ಬೆವತು ನೀರಾದ, ಹೊಟ್ಟೆ ಹಿಡಿದುಕೊಂಡು ಹೊರಳಾಡಿದ, ಆಮೇಲೆ ಭೇದಿ. ವಾರ್ಡಿನ ಚಾದರಗಳೆಲ್ಲ ಮುಗಿದವು. ಧೋಬಿ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದ. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು, “ಬಹುತ್ ಅಚ್ಛಾ” ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಲ್ಲಿಂದ ಕಲಿತೆವು. ಕರುಳಿಗೆ ಒತ್ತಬಾರದು, ಹನಿಸಬೇಕು. ಖಾಲಿಯಾದ ಸಲೈನ್ ಬಾಟಲಿಯನ್ನು ಕುದಿಸಿ, ಅದರಲ್ಲಿ ಮೊದಲು ಸಕ್ಕರೆ ಉಪ್ಪಿನ ನೀರು, ತಾಳಿದರೆ ಕೆನೆ ತೆಗೆದು ನೀರು ಬೆರೆಸಿದ ಹಾಲು, ಅದೂ ತಾಳಿದರೆ ಬಟ್ಟೆಯಲ್ಲಿ ಸೋಸಿದ ಗಂಜಿ. ತಣ್ಣಗಿದ್ದರೆ ಕರುಳು ಹಿಂಡುತ್ತದೆ, ಉಗುರು ಬೆಚ್ಚಗಿರಬೇಕು. ಪ್ರತಿ ಸಲ ಕಾಸಿದ ನೀರು ಬಿಟ್ಟು ಕೊಳವೆ ತೊಳೆಯಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಕಲ್ಲೂರಿನ ರೈತ ಗೆದ್ದ. ಮುಂದಿನ ಸುಗ್ಗಿಗೆ ಹಸಿ ಶೇಂಗಾ ಹೊತ್ತು ತಂದು ನನ್ನ ಮೇಜಿನ ಮೇಲೆ ಸುರಿದ. ವಾರ್ಡೆಲ್ಲ ಸಿಪ್ಪೆ.

ರಾಯಚೂರಿನ ಬೇಸಿಗೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮಂಚದ ಕಬ್ಬಿಣ ಮುಟ್ಟಿದರೆ ಕೈ ಚುರ್ ಎನ್ನುವ ಬಿಸಿಲಿನಲ್ಲಿ ಬಾಟಲಿಯ ಹಾಲು ಎಷ್ಟು ಹೊತ್ತು ನಿಲ್ಲಬೇಕು? ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಹುಳಿ ವಾಸನೆ. ಹಾಗಾಗಿ ವಾರ್ಡಿನ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಕಾಸುತ್ತಿದ್ದೆವು. ಸೀಮೆಎಣ್ಣೆ, ಕುದಿಯುವ ಹಾಲು, ಬೇಯುವ ರಬ್ಬರು, ಡೆಟಾಲು, ಇವೆಲ್ಲ ಕೂಡಿದ ಒಂದು ವಾಸನೆ ಇತ್ತು. ಈಗ ಪುಡಿಯ ಪ್ಯಾಕೆಟ್ ಬಂದಿದೆ, ಪಂಪು ಲೆಕ್ಕ ಹಾಕಿ ಬಿಡುತ್ತದೆ, ಒಳ್ಳೆಯದೇ ಆಯಿತು. ಆದರೂ ಆ ವಾಸನೆ ಮತ್ತೊಮ್ಮೆ ಸಿಕ್ಕರೆ ನಾನು ಕಣ್ಣು ಮುಚ್ಚಿ ನಿಂತುಬಿಡುತ್ತೇನೆ.

ಇನ್ನೊಂದು ಕಥೆ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇದು ಜೀವದ ಪ್ರಶ್ನೆ. ಮಂಚದ ಎರಡೂ ಕಡೆ ಒಂದೇ ಥರದ ಬಾಟಲಿ ತೂಗುತ್ತಿದ್ದವು. ಒಂದು ರಕ್ತನಾಳಕ್ಕೆ, ಒಂದು ಕರುಳಿಗೆ. ಒಮ್ಮೆ ನಮ್ಮ ಆಯಾ ಚಾದರ ಬದಲಿಸುವಾಗ ಎರಡನ್ನೂ ಬಿಚ್ಚಿ, ಹಾಲಿನ ಕೊಳವೆಯನ್ನು ರೋಗಿಯ ಕೈಯ ಕಡೆ ಒಯ್ಯುತ್ತಿದ್ದಳು. ಹಾಲು ರಕ್ತಕ್ಕೆ ಹೋದರೆ ಜೀವ ಹೋದಂತೆ. ನಾನು ಕೂಗಿದ ಕೂಗಿಗೆ ಅವಳು ಕೊಳವೆ ಬಿಟ್ಟು ನೆಲದ ಮೇಲೆ ಕೂತೇಬಿಟ್ಟಳು. ಅವತ್ತೇ ನನ್ನ ಕೈಯ ಒಂದು ಹಸಿರು ಬಳೆ ತೆಗೆದು ಹಾಲಿನ ಕೊಳವೆಗೆ ಕಟ್ಟಿದೆ. ಬಳೆ ಇರುವ ಕೊಳವೆ ಕೈಯ ಕಡೆ ಹೋಗಬಾರದು ಎಂದು ಎಲ್ಲರಿಗೂ ಹೇಳಿದೆ. ಅದು ನಮ್ಮ ವಾರ್ಡಿನ ಪದ್ಧತಿಯೇ ಆಯಿತು. ನೋಡಲು ಬಂದ ಹೆಂಗಸರು ಅದನ್ನು ಯಾವುದೋ ಹರಕೆ ಎಂದುಕೊಂಡು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಬೇಡ ಎನ್ನಲಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ನಮಗೆ ಕೊಳವೆ ಗೊತ್ತು, ಕರುಳು ಗೊತ್ತು ಎಂಬ ಜಂಬ ಬಂದಿತ್ತು. ಅಷ್ಟರಲ್ಲಿ ದೇವದುರ್ಗದ ಕಡೆಯಿಂದ ಹುಲಿಗೆಮ್ಮ ಬಂದಳು.

ಕುರಿ ಕಾಯುವ ಮನೆತನದ ಸೊಸೆ. ಚಿಕ್ಕ ವಯಸ್ಸು, ಮನೆಯಲ್ಲಿ ಓರಗಿತ್ತಿಯ ಹತ್ತಿರ ಬಿಟ್ಟುಬಂದ ಹಾಲು ಕುಡಿಯುವ ಕೂಸು. ಗಂಡ ಕುರಿ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋಗಿದ್ದ. ಅತ್ತೆ ಇಲ್ಲ. ಹಾಗಾಗಿ ಜೊತೆಗೆ ಬಂದವನು ಮಾವ ಬೀರಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಂಚದ ತಲೆದೆಸೆಯಲ್ಲಿ ಕುಕ್ಕರುಗಾಲಲ್ಲಿ ಕೂತರೆ ಕಂಬ ನೆಟ್ಟ ಹಾಗೆ. ಹುಲಿಗೆಮ್ಮನಿಗೂ ಅದೇ ಹೊಟ್ಟೆಹುಣ್ಣು, ಒಣಗಿದ ಜೋಳದ ದಂಟಿನಂತಿದ್ದಳು. ಪ್ರಭಾಕರ ಡಾಕ್ಟರು ಕಟ್ಟಿಕೊಂಡ ಜಾಗವನ್ನು ಬಿಟ್ಟು ಬೇರೆ ದಾರಿ ಮಾಡಿ, ಕೊಳವೆ ಇಟ್ಟು, ಹೊಲಿದರು. ಎಚ್ಚರ ಬಂದ ಕೂಡಲೇ ಆಕೆ ಮಾಡಿದ ಮೊದಲ ಕೆಲಸ ಸೆರಗು ಹುಡುಕಿ ತಲೆಯ ಮೇಲೆ ಎಳೆದುಕೊಂಡದ್ದು.

ಮರುದಿನ ನೀರು ಹನಿಸಿದೆವು. ಆಮೇಲೆ ಹಾಲು. ಪ್ರಭಾಕರ ಡಾಕ್ಟರು ಬಂದು, “ಹೊಟ್ಟಿ ನೋವದ ಏನವ್ವಾ?” ಎಂದು ಕೇಳಿದರು. ಸೆರಗಿನ ಒಳಗಿನಿಂದ ಸದ್ದಿಲ್ಲ. ತಲೆದೆಸೆಯಿಂದ ಬೀರಪ್ಪನ ದನಿ: “ಇಲ್ರೀ ಸಾಹೇಬ್ರ, ಆರಾಮ ಅದಾಳ.”

“ಗಾಳಿ ಹೋತೇನು?”

“ಇಲ್ರೀ, ಅಂಥಾದ್ದೇನೂ ಇಲ್ಲ.” ಇದೂ ಮಾವನೇ. ಇವನಿಗೆ ಹೇಗೆ ಗೊತ್ತು ಎಂದು ನಾನಾದರೂ ಕೇಳಬಾರದಿತ್ತೇ! ಮೂರು ಹೊತ್ತೂ ಅಲ್ಲೇ ಕೂತವನು, ಅವನಿಗೆ ತಿಳಿಯದೆ ಏನಾದೀತು ಎಂದು ಎಲ್ಲರೂ ನಂಬಿದೆವು. “ಛಲೋ ತಾಳಾಕತ್ತಾಳ. ಹನಿ ಸ್ವಲ್ಪ ಜಾಸ್ತಿ ಮಾಡ್ರಿ ಸಿಸ್ಟರ್” ಎಂದರು ಡಾಕ್ಟರು. ಮಾಡಿದೆ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಇನ್ನಷ್ಟು ಜಾಸ್ತಿ.

ಆ ಮಧ್ಯಾಹ್ನ ಚಾದರ ಸರಿಮಾಡಲು ಬಗ್ಗಿದಾಗ ಆಕೆಯ ಕೈ ಕಂಡಿತು. ಮಂಚದ ಸರಳನ್ನು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಸೆರಗು ಸರಿಸಿದೆ. ತುಟಿ ಕಚ್ಚಿಕೊಂಡಿದ್ದಾಳೆ, ಹಣೆಯ ತುಂಬ ಬೆವರು. ಹೊಟ್ಟೆಯ ಮೇಲೆ ಕೈಯಿಟ್ಟರೆ ಡೊಳ್ಳಿನ ಹಾಗೆ ಬಿಗಿದಿದೆ. ಇಷ್ಟಾದರೂ ತುಟಿ ಪಿಟಕ್ಕೆಂದಿಲ್ಲ. ಕೊಳವೆ ಮುಚ್ಚಿ ಡಾಕ್ಟರನ್ನು ಕರೆಯಲು ಓಡಿದೆ.

ಪ್ರಭಾಕರ ಡಾಕ್ಟರ ಹಿಂದೆಯೇ ದೊಡ್ಡ ಡಾಕ್ಟರೂ ಬಂದರು. ದೊಡ್ಡವರೇ ಹೊಟ್ಟೆ ಒತ್ತಿ ನೋಡಿ, ಮುಖ ಗಂಟಿಕ್ಕಿ ಹೇಳಿದರು: “ಒಳಗೆ ಹೊಲಿಗೆ ಸೋರಿರಬೇಕು. ನಾಳೆ ರೌಂಡಿಗೆ ಬರ್ತೀನಿ. ಹೀಗೇ ಇದ್ದರೆ ಕೊಳವೆ ಕೀಳೋದು, ಮತ್ತೆ ಹೊಟ್ಟೆ ಕೊಯ್ಯೋದು. ಆಮೇಲೆ ಈ ಆಸ್ಪತ್ರೆಯಲ್ಲಿ ಯಾವ ಹೊಟ್ಟೆಗೂ ಕೊಳವೆ ಇಲ್ಲ.” ಪ್ರಭಾಕರ ಡಾಕ್ಟರು ತಲೆ ತಗ್ಗಿಸಿದರು. ಆ ಮೈಗೆ ಇನ್ನೊಂದು ಆಪರೇಷನ್ ತಡೆಯುವ ಶಕ್ತಿ ಇಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ದೇವದುರ್ಗದಲ್ಲಿದ್ದ ಕೂಸು ತಬ್ಬಲಿಯಾಗುತ್ತಿತ್ತು.

ನಾನು ಬೀರಪ್ಪನ ಹತ್ತಿರ ಹೋದೆ. “ಯಪ್ಪಾ, ಒಂದೀಟು ಹೊರಗ ಬೇವಿನ ಗಿಡದ ಬುಡಕ್ಕ ಹೋಗಿ ಕುಂದರ್ರಿ.”

“ಯಾಕ್ಬೇ? ನಮ್ಮ ಸೊಸಿ, ನಮ್ಮ ಜೀವ. ನಾ ಇಲ್ಲಿದ್ರ ನಿನಗೇನು ಅಡ್ಡಿ?”

ಸಿಟ್ಟು ನೆತ್ತಿಗೇರಿತು. “ನೀವಿದ್ರ ಅಕಿ ಮಾತಾಡಂಗಿಲ್ಲ. ಅಕಿ ಮಾತಾಡ್ಲಿಲ್ಲಂದ್ರ ನಾಳಿ ಮತ್ತ ಹೊಟ್ಟಿ ಕೊಯ್ತಾರ. ಆಮ್ಯಾಲ ಈ ಖಾಲಿ ಮಂಚಕ್ಕ ಕಾವಲು ಕುಂದರ್ತೀರೇನು?”

ಆತ ಕೋಲೂರಿ ಎದ್ದು ಹೊರಗೆ ಹೋದ.

ನಾನು ಮಂಚದ ಅಂಚಿಗೆ ಕೂತು ಹುಲಿಗೆಮ್ಮನ ಕೈ ಹಿಡಿದುಕೊಂಡೆ. “ಈಗ ಹೇಳು. ಯಾರೂ ಇಲ್ಲ.”

ಆಕೆ ಬಾಗಿಲ ಕಡೆ ನೋಡಿದಳು. “ಮಾವಾರು ಬರ್ತಾರೇನ್ರೀ?”

“ಬಂದ್ರ ನಾ ಬಾಗಿಲಾಗ ಅಡ್ಡ ನಿಂದರ್ತೀನಿ. ಹೇಳವ್ವಾ ತಾಯಿ.”

“ಹಾಲು ಬಿಟ್ಟಾಗ ಹೊಟ್ಟ್ಯಾಗ ಹಗ್ಗ ಹಾಕಿ ಜಗ್ಗಿದಂಗ ಆಗ್ತದ್ರೀ. ಹಾಲು ನಿಂತ್ರ ನಿಧಾನಕ ಕಡಿಮಿ ಆಗ್ತದ. ಈಗ ನೀವು ಬಂದ್ ಮಾಡಿದ್ರಲ್ಲ, ಈಗ ತುಸು ಹಗುರ ಅನಸ್ತದ.”

ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ಒಳಗೆ ಸೋರಿದ್ದರೆ ಹಾಲು ನಿಂತ ಮಾತ್ರಕ್ಕೆ ನೋವು ನಿಲ್ಲುವುದಿಲ್ಲ, ಬರಬರುತ್ತ ಏರುತ್ತದೆ. ಇದು ಬರೀ ಕರುಳಿಗೆ ಹೆಚ್ಚಾದದ್ದಿರಬಹುದು. “ಮತ್ತ ಗಾಳಿ?” ಎಂದೆ ಮೆಲ್ಲಗೆ.

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ನಿನ್ನೇನೇ ಹೋಗ್ಯದ್ರೀ. ಮಾವಾರ ಮುಂದ ಅದನ್ನ ಹ್ಯಾಂಗ ಹೇಳ್ಲಿ?”

ನಾನು ನಕ್ಕೆ. ಆಕೆಯೂ ನಕ್ಕು, ಕೂಡಲೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ನಗಸಬ್ಯಾಡ್ರೀ ಅಕ್ಕಾರ, ಹೊಲಿಗಿ ಹರೀತಾವ” ಎಂದಳು. ಆಕೆಯ ದನಿ ಅಷ್ಟು ಚೆಂದ ಎಂದು ನನಗೆ ಅವತ್ತು ಗೊತ್ತಾಯಿತು.

ಪ್ರಭಾಕರ ಡಾಕ್ಟರು ಮತ್ತೆ ಬಂದು ನೋಡಿದರು. ಜ್ವರವಿಲ್ಲ, ನಾಡಿ ಜೋರಾಗಿ ಓಡುತ್ತಿಲ್ಲ. ಕರುಳಿಗೆ ಕೆಲ ಹೊತ್ತು ವಿಶ್ರಾಂತಿ ಕೊಟ್ಟು, ಸಂಜೆಗೆ ಹೊಟ್ಟೆ ಸಡಿಲಾದ ಮೇಲೆ ತೀರ ತೆಳ್ಳಗಿನ ಹಾಲನ್ನು ಒಂದೊಂದೇ ಹನಿಯಾಗಿ ಬಿಡಲು ಹೇಳಿದರು. ಪ್ರತಿ ಸಲ ಆಕೆಯನ್ನೇ ಕೇಳಿದೆ. ‘ಸಾಕು’ ಎಂದಾಗ ನಿಲ್ಲಿಸಿದೆ, ‘ಈಗ ಬಿಡ್ರಿ’ ಎಂದಾಗ ಬಿಟ್ಟೆ. ಹುಡುಗಿಯರೇ, ನಾನು ಓದಿದ ಯಾವ ಪಾಠದಲ್ಲೂ ಇದು ಇರಲಿಲ್ಲ. ರೋಗಿ ತಾಳುತ್ತಿದ್ದಾಳೆ ಎಂದು ಇನ್ನೊಬ್ಬರು ಹೇಳಿದರೆ ನಂಬಬೇಡಿ. ನಮ್ಮ ಕಡೆಯ ಹೆಣ್ಣುಮಕ್ಕಳು ತಾಳುವುದನ್ನು ಹೊಟ್ಟೆಯಿಂದ ಕಲಿಯುವುದಿಲ್ಲ, ಮನೆಯಿಂದ ಕಲಿಯುತ್ತಾರೆ.

ಬೀರಪ್ಪ ಬೇವಿನ ಬುಡದಲ್ಲಿ ಕಂಬಳಿ ಹಾಸದೆ ಬರೀ ನೆಲದ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದ. “ಏನಂದಳು ಯವ್ವಾ?”

“ಭಾಳ ನೋವಿತ್ತಂತ.”

“ನನಗ್ಯಾಕ ಹೇಳ್ಲಿಲ್ಲ?”

“ನಿಮ್ಮ ಮುಂದ ಎಂದಾದ್ರೂ ಮಾತಾಡ್ಯಾಳೇನು?”

“ಲಗ್ನಾಗಿ ಬಂದಾಗಿಂದ ನನ್ನ ಮುಂದ ಒಂದು ಮಾತು ಆಡಿಲ್ಲ. ನನ್ನ ಸೊಸಿ ಬಂಗಾರ ಅಂತ ಊರ ತುಂಬ ಅದನ್ನ ಹೇಳ್ಕೋತ ತಿರಗೀನಿ.” ಆಮೇಲೆ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ. “ಹಿಂಡಿನಾಗ ಒಂದು ಕುರಿ ಹೊಟ್ಟಿ ಉಬ್ಬಿದ್ರ ದೂರದಿಂದ ಗುರುತು ಹಿಡೀತೀನಿ ಯವ್ವಾ. ಇದು ನನ್ನ ಕೈಯಳತ್ಯಾಗ ಇತ್ತು, ತಿಳೀಲಿಲ್ಲ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಪ್ಪನಂಥ ಮನುಷ್ಯನಿಗೆ ಹಾಗೆ ಬೈದೆನಲ್ಲ ಎಂದು ಸಂಕಟವಾಯಿತು.

ಮರುದಿನ ರೌಂಡಿನ ಹೊತ್ತಾಯಿತು. ದೊಡ್ಡ ಡಾಕ್ಟರು ಹುಲಿಗೆಮ್ಮನ ಹೊಟ್ಟೆ ಒತ್ತಿದರು. ಮೆತ್ತಗಿತ್ತು. ಮತ್ತೊಮ್ಮೆ ಒತ್ತಿದರು. ಹುಬ್ಬು ಏರಿತು. ರೂಢಿಯಂತೆ ತಲೆದೆಸೆಗೆ ತಿರುಗಿ, “ಏನಪಾ ಮುದುಕಾ, ಹ್ಯಾಂಗದಾಳ ನಿನ್ನ ಸೊಸಿ?” ಎಂದರು.

ಬೀರಪ್ಪ ಎದ್ದು ನಿಂತ. “ಅಕಿನ್ನೇ ಕೇಳ್ರಿ ಸಾಹೇಬ್ರ.”

ಹಾಗೆಂದವನೇ ಗೋಡೆಯ ಕಡೆ ಮುಖ ಮಾಡಿ ತನ್ನ ಕಂಬಳಿಯನ್ನು ತಲೆಯ ಮೇಲೆ ಪೂರ್ತಿ ಎಳೆದುಕೊಂಡ. ಮಾವನ ಮುಂದೆ ಸೊಸೆ ಮುಸುಕು ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸೊಸೆ ಮಾತಾಡಲಿ ಎಂದು ಮಾವ ಮುಸುಕು ಹಾಕಿದ್ದನ್ನು ಅವತ್ತೊಂದೇ ದಿನ ನೋಡಿದ್ದು.

ಹುಲಿಗೆಮ್ಮ ಆ ಬೆನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಏನೋ ಅಂದಳು.

“ಕ್ಯಾ?” ಎಂದು ದೊಡ್ಡ ಡಾಕ್ಟರು ಬಗ್ಗಿದರು.

“ಹಸಿವಾಗ್ಯದ್ರೀ” ಎಂದಳು, ಈ ಸಲ ವಾರ್ಡಿಗೆಲ್ಲ ಕೇಳುವ ಹಾಗೆ. “ಬಾಯಿಲೆ ಉಣಬೇಕು ಅನಸಾಕತ್ತದ.”

ದೊಡ್ಡ ಡಾಕ್ಟರು ಪ್ರಭಾಕರ ಡಾಕ್ಟರ ಭುಜದ ಮೇಲೆ ಕೈಯಿಟ್ಟರು. “ಕೊಳವೆ ಇರಲಿ. ಸಿಸ್ಟರ್, ಚಮಚದಲ್ಲಿ ಗಂಜಿ ಕೊಡಿ” ಎಂದು ಮುಂದಿನ ಮಂಚಕ್ಕೆ ಹೋದರು.

ನಾನು ಗಂಜಿ ತಂದು ಚಮಚ ತುಟಿಗೆ ಹಿಡಿದೆ. ಹಸಿವು ಎಂದವಳು ಬಾಯಿ ತೆರೆಯಲೊಲ್ಲಳು. ಕಣ್ಣು ಮೂಲೆಯ ಕಡೆ. ಅಲ್ಲಿ ಮಾವನ ರೊಟ್ಟಿಯ ಗಂಟು ನಿನ್ನೆ ಕಟ್ಟಿದ ಹಾಗೇ ಇತ್ತು. ಗಂಡಸರು ಉಂಡೇಳುವ ತನಕ ಆ ಮನೆಯಲ್ಲಿ ಹೆಂಗಸರು ಬಾಯಿಗೆ ಅಗುಳು ಹಾಕುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇತ್ತು.

“ಉಂಡಳೇನವ್ವಾ?” ಬೀರಪ್ಪ ಗೋಡೆಯ ಕಡೆಯಿಂದಲೇ ಕೇಳಿದ.

“ಇಲ್ಲ ಯಪ್ಪಾ. ನಿಮ್ಮ ರೊಟ್ಟಿ ಗಂಟು ನೋಡಾಕತ್ತಾಳ.”

ಕಂಬಳಿಯೊಳಗಿನಿಂದ ಆತ ನನಗಲ್ಲ, ನೇರವಾಗಿ ಆಕೆಗೇ ಹೇಳಿದ. “ನೀ ಉಣ್ಣು ಮಗಳ. ನೀ ಉಂಡ ಮ್ಯಾಲ ನಾ ಉಣ್ತೀನಿ.”

ಹುಲಿಗೆಮ್ಮ ಬಾಯಿ ತೆರೆದಳು.